ನ್ಯೂಟ್ರಲ್ ಸಡಿಲವಾದ ಮಧ್ಯಾಹ್ನ

ಕೊರೋನಾ ಕಳೆದ ಎರಡನೆಯ ಬೇಸಿಗೆಯಲ್ಲಿ ನಾನು ತಿಪಟೂರಿನಲ್ಲಿದ್ದೆ. ದೊಡ್ಡ ಕಟ್ಟಡಗಳ ಕರೆಂಟು, ಎಸಿ, ಜನರೇಟರ್ ನೋಡಿಕೊಳ್ಳುವ ಒಂದು ಕಂಪನಿಯಲ್ಲಿ ಸೈಟ್ ಸೂಪರ್‌ವೈಸರ್ ಆಗಿದ್ದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕು ಸೇರಿ ಹನ್ನೊಂದು ಕಟ್ಟಡಗಳು ನನ್ನ ಸುಪರ್ದಿಯಲ್ಲಿದ್ದವು. ಜೊತೆಗೆ ಬಸವರಾಜು ಎಂಬ ವೈರ್‌ಮನ್ ಇದ್ದ. ಮಾಯಸಂದ್ರದ ಕಡೆಯವನು, ನನಗಿಂತ ಐದಾರು ವರ್ಷ ಚಿಕ್ಕವನು. ಮಾತು ಕಡಿಮೆ, ಕೈ ಚುರುಕು. ಸರ್ವಿಸಿನ ಉದ್ದಕ್ಕೂ ಸುಟ್ಟ ಪ್ಯಾನಲ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಈಗ ಬರೆಯುತ್ತಿರುವ ಘಟನೆ ಅವುಗಳಲ್ಲಿ ದೊಡ್ಡದೇನಲ್ಲ, ಬೆಂಕಿಯೂ ಹತ್ತಲಿಲ್ಲ. ಆದರೆ ಇದರಲ್ಲಿ ತಪ್ಪು ನನ್ನದಿತ್ತು.

ಕಟ್ಟಡ ಪೇಟೆಯ ಮಧ್ಯದಲ್ಲಿತ್ತು. ನೆಲಮಹಡಿಯಲ್ಲಿ ಬಟ್ಟೆ ಅಂಗಡಿ, ಅದರ ಮೇಲೆ ನಾಲ್ಕು ಯಂತ್ರಗಳ ಒಂದು ಡಯಾಲಿಸಿಸ್ ಕೇಂದ್ರ. ಕಟ್ಟಡವೂ ಅಂಗಡಿಯೂ ಶಿವಲಿಂಗಪ್ಪ ಎಂಬುವರದು. ತಲೆಮಾರುಗಳಿಂದ ಕೊಬ್ಬರಿ ವ್ಯಾಪಾರದ ಮನೆತನ; ಮಂಡಿಯನ್ನು ತಮ್ಮನಿಗೆ ಬಿಟ್ಟು ಇವರು ಬಟ್ಟೆಗೆ ಬಂದಿದ್ದರು. ಇಡೀ ಕಟ್ಟಡದ ಮೇನ್ ಪ್ಯಾನಲ್ ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿತ್ತು. ಅದರ ಗಾಳಿಕಿಂಡಿಗೆ ಅಡ್ಡವಾಗಿ ಮಂಡಿಯ ಖಾಲಿ ಗೋಣಿಚೀಲಗಳನ್ನು ಪೇರಿಸಿಟ್ಟಿದ್ದರು.

“ಇವನ್ನ ತೆಗ್ಸಿಬಿಡಿ ಯಜಮಾನ್ರೇ, ಪ್ಯಾನಲ್‌ಗೆ ಗಾಳಿ ಬೇಕು” ಎಂದಿದ್ದೆ.

“ತೆಗ್ಸಣ ಬುಡಿ” ಎಂದಿದ್ದರು. ನಾನು ಅದನ್ನು ಬರೆದು ಕೊಡಬೇಕಾಗಿತ್ತು, ಕೊಡಲಿಲ್ಲ.

ಯುಗಾದಿ ಕಳೆದ ಮೇಲೆ ಡಯಾಲಿಸಿಸ್ ಕೇಂದ್ರದ ನರ್ಸ್ ಮಂಜುಳಾ ಫೋನ್ ಮಾಡಿದರು. “ಸಾರ್, ಮಧ್ಯಾಹ್ನ ಆದ್ರೆ ಲೈಟು ಒಂದ್ಸಲ ಜೋರಾಗುತ್ತೆ, ಒಂದ್ಸಲ ಮಂಕಾಗುತ್ತೆ. ಯುಪಿಎಸ್ ಕೂಗ್ಕೊಳುತ್ತೆ. ಕೆಳಗಡೆ ಅಂಗಡಿ ಎಸಿ ಎಲ್ಲಾ ಆನ್ ಆದಾಗ ಹಿಂಗಾಗೋದು.”

ಮರುದಿನ ಬೆಳಿಗ್ಗೆ ಎಂಟೂವರೆಗೆ ಹೋದೆ. ಮೂರು ಫೇಸ್‌ಗಳ ವೋಲ್ಟೇಜ್ ಅಳೆದೆ. 231, 229, 233. ಇದಕ್ಕಿಂತ ಚೆನ್ನಾಗಿ ಯಾವ ಕಟ್ಟಡದಲ್ಲೂ ಬರುವುದಿಲ್ಲ. ಪ್ಯಾನಲ್ಲಿನ ಒಳ ಮುಚ್ಚಳ ಬಿಚ್ಚಬೇಕೆಂದರೆ ಇಡೀ ಕಟ್ಟಡದ ಕರೆಂಟ್ ತೆಗೆಯಬೇಕು, ಮೇಲೆ ಯಂತ್ರಗಳು ಓಡುತ್ತಿದ್ದವು. ಬಿಚ್ಚಲಿಲ್ಲ. ಮೇಲೆ ಹೋಗಿ ವಿಸಿಟ್ ಪುಸ್ತಕದಲ್ಲಿ ‘ನಾರ್ಮಲ್, ದೋಷ ಕಂಡುಬಂದಿಲ್ಲ’ ಎಂದು ಬರೆದೆ.

ಮಂಜುಳಾ ಅದನ್ನು ಓದಿದರು. “ಬೆಳಿಗ್ಗೆ ಬಂದ್ರೆ ಏನೂ ಕಾಣಲ್ಲ ಸಾರ್. ಒಂದಿನ ಎರಡು ಗಂಟೆ ಮೇಲೆ ಬನ್ನಿ.”

“ನೋಡಣ ಸಿಸ್ಟರ್” ಎಂದೆ. ಕಿಟಕಿ ಪಕ್ಕದ ಹಾಸಿಗೆಯಲ್ಲಿ ರಂಗಪ್ಪ ಎನ್ನುವವರು ಮಲಗಿದ್ದರು. ಹುಳಿಯಾರಿನ ಕಡೆಯವರು, ಆರೋಗ್ಯ ಚೆನ್ನಾಗಿದ್ದಾಗ ತೋಟಗಳಲ್ಲಿ ಕಾಯಿ ಕೀಳುತ್ತಿದ್ದವರು. ವಾರಕ್ಕೆರಡು ಸಲ ಬಸ್ಸಿನಲ್ಲಿ ಬರುತ್ತಿದ್ದರು. ನಮ್ಮ ಮಾತನ್ನು ಅವರು ಕೇಳಿಸಿಕೊಳ್ಳುತ್ತಿದ್ದರು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಆ ವಾರ ತುರುವೇಕೆರೆಯ ಕಲ್ಯಾಣ ಮಂಟಪದಲ್ಲಿ ಎಸಿ ಕಂಪ್ರೆಸರ್ ಕೆಟ್ಟಿತ್ತು, ಮದುವೆ ಹತ್ತಿರವಿತ್ತು. ಅದರ ಗಡಿಬಿಡಿಯಲ್ಲಿ ಮರೆತೆ ಎಂದರೆ ಸುಳ್ಳಾಗುತ್ತದೆ. ಮರೆಯಲಿಲ್ಲ. ಮೀಟರ್ ಸರಿ ತೋರಿಸಿದ ಮೇಲೆ ನರ್ಸ್ ಹೇಳುವುದರಲ್ಲಿ ಏನಿದೆ ಎಂದುಕೊಂಡೆ.

ಹನ್ನೆರಡು ದಿನ ಕಳೆದ ಮೇಲೆ, ಒಂದು ಸೋಮವಾರ, ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ ಶಿವಲಿಂಗಪ್ಪನವರ ಫೋನ್ ಬಂತು. ನಾನೂ ಬಸವರಾಜುವೂ ತುರುವೇಕೆರೆಯ ಅದೇ ಮಂಟಪದ ತಾರಸಿಯ ಮೇಲಿದ್ದೆವು.

“ಮೂರ್ತಿಯವ್ರೇ, ಮೇಲ್ಗಡೆ ಏನೋ ಢಂ ಅಂತು. ಹೊಗೆ ಬತ್ತಾ ಅದೆ. ಬೇಗ ಬನ್ನಿ.”

“ಮೇನ್ ಸ್ವಿಚ್ ಇಳಿಸಿ. ನಾನು ಬರೋಗಂಟ ಯಾರೂ ಮುಟ್ಟಬಾರ್ದು” ಎಂದೆ. ಮುಕ್ಕಾಲು ಗಂಟೆಯಲ್ಲಿ ತಿಪಟೂರು ತಲುಪಿದೆವು.

ಅಷ್ಟರಲ್ಲಿ ಮೇಲೆ ನಡೆದದ್ದನ್ನು ಆಮೇಲೆ ತಿಳಿದುಕೊಂಡೆ. ನಾಲ್ವರು ರೋಗಿಗಳು ಯಂತ್ರಗಳಲ್ಲಿದ್ದರು. ಟ್ಯೂಬ್‌ಲೈಟ್‌ಗಳು ಕಣ್ಣು ಕುಕ್ಕುವಷ್ಟು ಜೋರಾಗಿ ಉರಿದು ಒಂದೊಂದೇ ಆರಿದವು. ಯುಪಿಎಸ್ ಸಿಡಿದು ಹೊಗೆ ಬಂತು. ಡಯಾಲಿಸಿಸ್ ಯಂತ್ರ ದೇಹದಿಂದ ರಕ್ತವನ್ನು ಹೊರಗೆ ತಂದು ಶುದ್ಧ ಮಾಡಿ ವಾಪಸ್ ಕಳುಹಿಸುತ್ತದೆ. ಯಾವ ಗಳಿಗೆಯಲ್ಲಿ ನೋಡಿದರೂ ಒಂದು ಲೋಟದಷ್ಟು ರಕ್ತ ಕೊಳವೆಗಳಲ್ಲಿ ಇರುತ್ತದೆ. ಪಂಪ್ ನಿಂತರೆ ಆ ರಕ್ತ ಹೆಪ್ಪುಗಟ್ಟುತ್ತದೆ, ರೋಗಿಗೆ ನಷ್ಟವಾಗುತ್ತದೆ. ಮೂರು ಯಂತ್ರಗಳು ತಮ್ಮೊಳಗಿನ ಬ್ಯಾಟರಿಯಿಂದ ಪಂಪನ್ನು ಓಡಿಸಿಕೊಂಡವು. ರಂಗಪ್ಪನವರ ಯಂತ್ರ ಮಾತ್ರ ಪೂರ್ತಿ ನಿಂತುಹೋಯಿತು. ಯುಪಿಎಸ್‌ಗೆ ನಾಲ್ಕು ಯಂತ್ರ ತಡೆಯುವ ಶಕ್ತಿ ಇಲ್ಲದ್ದರಿಂದ ಅದೊಂದನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿದ್ದರು, ಪೆಟ್ಟು ಸೀದಾ ಅದಕ್ಕೇ ಬಿದ್ದಿತ್ತು. ಮಂಜುಳಾ ಉಳಿದ ಮೂವರನ್ನು ಕೇಂದ್ರದ ಟೆಕ್ನಿಷಿಯನ್‌ಗೆ ಒಪ್ಪಿಸಿ, ಪಂಪಿನ ಮುಚ್ಚಳ ತೆಗೆದು, ಹಿಡಿ ಸಿಕ್ಕಿಸಿ, ಕೈಯಲ್ಲೇ ಒಂದೇ ಹದವಾಗಿ ತಿರುಗಿಸುತ್ತ ಅಷ್ಟೂ ರಕ್ತವನ್ನು ವಾಪಸ್ ಕಳುಹಿಸಿದ್ದರು. ನಾನು ಹೋದಾಗ ಅವರು ಆ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಉಜ್ಜಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ರಂಗಪ್ಪನವರ ಹಾಸಿಗೆಯ ಕಡೆ ತಿರುಗಿದರು.

ಕೆಳಗೆ ಪ್ಯಾನಲ್ ಕೋಣೆಯ ಬಾಗಿಲು ತೆಗೆದಾಗ ಒಲೆಯ ಮುಂದೆ ನಿಂತ ಹಾಗಾಯಿತು. ಮೇನ್ ಇಳಿಸಿದ್ದನ್ನು ಟೆಸ್ಟರ್ ಹಚ್ಚಿ ಖಾತ್ರಿ ಮಾಡಿಕೊಂಡು ಒಳ ಮುಚ್ಚಳ ಬಿಚ್ಚಿದೆವು. ನ್ಯೂಟ್ರಲ್ ಕೇಬಲ್ಲಿನ ಲಗ್, ಅಂದರೆ ಕೇಬಲ್ ತುದಿಗೆ ಒತ್ತಿ ಕೂರಿಸುವ ಲೋಹದ ಕಿವಿ, ಕರಕಲಾಗಿತ್ತು. ಬೋಲ್ಟನ್ನು ಬಸವರಾಜು ಬೆರಳಿನಲ್ಲೇ ತಿರುಗಿಸಿ ತೋರಿಸಿದ.

ನ್ಯೂಟ್ರಲ್ ಎಂದರೆ ಮೂರು ಫೇಸ್‌ಗಳಿಗೂ ಕರೆಂಟ್ ವಾಪಸ್ ಹೋಗುವ ದಾರಿ. ಮೂರರ ಮೇಲೂ ಲೋಡ್ ಸಮನಾಗಿದ್ದರೆ ಆ ದಾರಿಯಲ್ಲಿ ಹೆಚ್ಚು ಓಡಾಟ ಇರುವುದಿಲ್ಲ. ಬಟ್ಟೆ ಅಂಗಡಿಯಲ್ಲಿ ಆ ಬೇಸಿಗೆಗೆ ಯಾರೋ ಹೊಸದಾಗಿ ನಾಲ್ಕು ಎಸಿ ಹಾಕಿ, ನಾಲ್ಕನ್ನೂ ಒಂದೇ ಫೇಸ್‌ಗೆ ಕೊಟ್ಟಿದ್ದರು. ಮಧ್ಯಾಹ್ನವಾದರೆ ನ್ಯೂಟ್ರಲ್ ಮೇಲೆ ವಿಪರೀತ ಭಾರ. ಲಗ್ ಅಲ್ಯುಮಿನಿಯಂ, ಅದನ್ನು ಕೂರಿಸಿದ್ದ ಪಟ್ಟಿ ತಾಮ್ರ. ಈ ಎರಡು ಲೋಹಗಳು ಬಿಸಿಗೆ ಒಂದೇ ರೀತಿ ಹಿಗ್ಗುವುದಿಲ್ಲ. ದಿನಾ ಕಾದು, ಆರಿ, ಬೋಲ್ಟ್ ಸಡಿಲವಾಗುತ್ತ ಬಂದಿತ್ತು. ಗಾಳಿಯಾಡದ ಕೋಣೆ ಅದನ್ನು ಬೇಗ ಮಾಡಿತು. ನ್ಯೂಟ್ರಲ್ ಬಿಟ್ಟುಕೊಂಡ ಕ್ಷಣ ಲೋಡ್ ಕಡಿಮೆ ಇದ್ದ ಫೇಸ್‌ನ ವೋಲ್ಟೇಜ್ ಮುನ್ನೂರು ದಾಟುತ್ತದೆ. ಆ ಫೇಸ್‌ನಲ್ಲಿದ್ದದ್ದು ಡಯಾಲಿಸಿಸ್ ಕೇಂದ್ರ. ಬೆಳಿಗ್ಗೆ ಎಂಟೂವರೆಗೆ, ಅಂಗಡಿ ತೆರೆಯುವ ಮುನ್ನ, ಇದರ ಯಾವ ಗುರುತೂ ಮೀಟರಿನಲ್ಲಿ ಕಾಣುವುದು ಸಾಧ್ಯವಿರಲಿಲ್ಲ.

ಅಷ್ಟರಲ್ಲಿ ಶಿವಲಿಂಗಪ್ಪನವರು ಬಂದರು. “ಲಗ್ನದ ಸೀಜನ್ ಕಣ್ರೀ. ಅಂಗಡಿ ತುಂಬ ಜನ ಕತ್ತಲಲ್ಲಿ ನಿಂತವ್ರೆ. ಸದ್ಯಕ್ಕೆ ಜನರೇಟರ್ ಹಾಕ್ಬುಡಿ.”

“ಆಗಲ್ಲ ಯಜಮಾನ್ರೇ. ಜನರೇಟರ್ ಕರೆಂಟೂ ಇದೇ ನ್ಯೂಟ್ರಲ್ ಮೇಲೇ ಓಡಾಡೋದು. ಹಾಕಿದ್ರೆ ಇನ್ನೊಂದು ಸಲ ಸುಡುತ್ತೆ. ಈ ಚೀಲಗಳಿಗೆ ಕಿಡಿ ಬಿದ್ರೆ ಮೆಟ್ಟಿಲೇ ಇರಲ್ಲ, ಮೇಲಿರೋರು ಎಲ್ಲಿಂದ ಇಳೀತಾರೆ?”

ಅವರು ಸುಟ್ಟ ಲಗ್ಗನ್ನೂ ಗೋಣಿಚೀಲಗಳನ್ನೂ ನೋಡಿದರು. ಆಮೇಲೆ ಅಂಗಡಿಗೆ ಹೋಗಿ ಗಿರಾಕಿಗಳನ್ನು ಕಳುಹಿಸಿ ಬಾಗಿಲು ಹಾಕಿಸಿದರು.

ನನ್ನ ಮುಂದೆ ಇದ್ದ ಕಷ್ಟ ಅಂಗಡಿಯದಲ್ಲ. ಮೇಲೆ ಮೂವರ ಡಯಾಲಿಸಿಸ್ ಮುಗಿಯುತ್ತ ಬಂದಿತ್ತು, ಅವರು ಮನೆಗೆ ಹೋಗಬಹುದಿತ್ತು. ಬಸ್ಸು ತಡವಾಗಿ, ಕೊನೆಗೆ ಬಂದ ರಂಗಪ್ಪನವರದು ಶುರುವಾದ ಒಂದು ಗಂಟೆಯೊಳಗೇ ನಿಂತಿತ್ತು. ಅವರಿಗೆ ಆಗಲೇ ಏದುಸಿರು. ಮುಂದಿನ ಪಾಳಿಗೆ ಇನ್ನಿಬ್ಬರು ಬೆಂಚಿನ ಮೇಲೆ ಕಾಯುತ್ತಿದ್ದರು. ಮಂಜುಳಾ ತುಮಕೂರಿಗೆ ಫೋನ್ ಮಾಡಿ ನೋಡಿದ್ದರು, ಅಲ್ಲಿ ನಾಳೆಗೆ ಮುಂಚೆ ಯಂತ್ರ ಖಾಲಿ ಇರಲಿಲ್ಲ.

“ಮೂರು ಮಷಿನ್ ಸರಿ ಇವೆ ಅನ್ಸುತ್ತೆ. ಕರೆಂಟ್ ಕೊಟ್ರೆ ಟೆಸ್ಟ್ ಮಾಡಿ ಹಾಕ್ತೀನಿ” ಎಂದರು. “ಇವ್ರನ್ನ ನಾಳೆವರೆಗೂ ಇಡೋ ಧೈರ್ಯ ನಂಗಿಲ್ಲ.”

ಪ್ಯಾನಲ್ಲನ್ನು ಮುಟ್ಟದೆ, ಹಿತ್ತಲಿನ ಜನರೇಟರಿನಿಂದ ನೇರವಾಗಿ ಮೊದಲ ಮಹಡಿಗೆ ಬೇರೆ ಕೇಬಲ್ ಎಳೆಯುವುದೊಂದೇ ದಾರಿ. ಅಷ್ಟು ದಪ್ಪದ ಕೇಬಲ್ ಎಲ್ಲಿ? ಮದುವೆಗಳಿಗೆ ಶಾಮಿಯಾನ, ಲೈಟಿಂಗ್ ಹಾಕುವವರ ಗೋಡೌನ್ ಬಸವರಾಜುವಿಗೆ ನೆನಪಾಯಿತು. ಸುರುಳಿಯನ್ನು ಆಟೋದಲ್ಲಿ ತಂದ. ತೇಪೆ ಹಾಕಿದ ಹಳೆಯ ಕೇಬಲ್ ಆಗಿದ್ದರೆ ಕೆಲಸಕ್ಕೆ ಬರುವುದಿಲ್ಲ ಎಂದು ಉದ್ದಕ್ಕೂ ಕೈಯಾಡಿಸಿ ನೋಡಿ, ಮೆಗ್ಗರ್‌ನಿಂದ ಹೊದಿಕೆಯಲ್ಲಿ ಕರೆಂಟ್ ಸೋರುವುದಿಲ್ಲವೆಂದು ಖಾತ್ರಿ ಮಾಡಿಕೊಂಡೆವು. ಅರ್ಥಿಂಗ್ ಬೇರೆ ಕೊಟ್ಟೆವು. ಮೇನ್ ಸ್ವಿಚ್ಚಿಗೆ ಬೀಗ ಹಾಕಿ ಕೀಲಿಯನ್ನು ನನ್ನ ಜೇಬಿನಲ್ಲಿಟ್ಟುಕೊಂಡೆ. ಕೇಬಲ್ ಮೆಟ್ಟಿಲ ಮೇಲೇ ಹಾದುಹೋಗಿತ್ತು, ಯಾರೂ ತುಳಿಯಬಾರದು. ನಾನು ಹೇಳುವ ಮೊದಲೇ ಶಿವಲಿಂಗಪ್ಪನವರು ಒಂದು ಕುರ್ಚಿ ತರಿಸಿ ಮೆಟ್ಟಿಲ ಬುಡದಲ್ಲಿ ಕೂತರು. ಎಲ್ಲ ಮುಗಿಯುವತನಕ ಅಲ್ಲಿಂದ ಏಳಲಿಲ್ಲ.

ಐದೂಕಾಲಿಗೆ ಜನರೇಟರ್ ಹಾಕಿದೆ. 228 ವೋಲ್ಟ್. ಎಸಿಯ ಭಾರ ಹೊರಿಸಲಿಲ್ಲ. ಕಿಟಕಿ ತೆಗೆದು ಫ್ಯಾನ್ ಮಾತ್ರ ಹಾಕಿಸಿದೆ. ಮಂಜುಳಾ ಮೂರೂ ಯಂತ್ರಗಳನ್ನು ಪರೀಕ್ಷಿಸಿ, ಹೊಸ ಕೊಳವೆ ಜೋಡಿಸಿ, ಮೊದಲು ರಂಗಪ್ಪನವರನ್ನು ಯಂತ್ರಕ್ಕೆ ಹಾಕಿದರು. ನಾನು ಮೀಟರ್ ಹಿಡಿದು ಬೋರ್ಡಿನ ಪಕ್ಕದಲ್ಲೇ ನಿಂತೆ. ಆ ಹೊತ್ತಿಗೆ ಅದರ ಅವಶ್ಯಕತೆ ಅಷ್ಟಿರಲಿಲ್ಲ. ಬೇರೆಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ.

ಆರರ ಸುಮಾರಿಗೆ ರಂಗಪ್ಪನವರ ಉಸಿರು ಒಂದು ಹದಕ್ಕೆ ಬಂತು. ಹತ್ತಿರ ಹೋಗಿ ಹೇಳಿದೆ. “ಇವತ್ತು ನಿಮಗೆ ಆಗಿದ್ದು ನನ್ನಿಂದ. ಮೊನ್ನೆ ನಾನು ಸರಿಯಾಗಿ ನೋಡಿದ್ರೆ ಹಿಂಗಾಗ್ತಿರ್ಲಿಲ್ಲ.”

ಅವರು ನನ್ನ ಕಡೆ ಮುಖ ಹೊರಳಿಸಿದರು. “ಅದನ್ನ ನಂಗ್ಯಾಕೆ ಹೇಳ್ತೀಯಪ್ಪ? ಆಯಮ್ಮಂಗೆ ಹೇಳು. ಬಾ ಅಂತ ಹೇಳಿದ್ದೋಳು ಅವಳು.”

ಮಂಜುಳಾ ಅಲ್ಲೇ ಬಿ.ಪಿ. ನೋಡುತ್ತಿದ್ದರು. ನಾನು ಅವರ ಕಡೆ ತಿರುಗಿ ಅದೇ ಮಾತನ್ನು ಹೇಳಿದೆ. ಅವರು ಪಟ್ಟಿ ಬಿಚ್ಚಿ, ಅಂಕಿ ಬರೆದುಕೊಂಡು, ಆಮೇಲೆ ಅಂದರು: “ನಾನು ಹೇಳಿದ್ದೇ ಸರಿ ಆಗ್ಲಿ ಅಂತ ನಂಗೇನಿರ್ಲಿಲ್ಲ ಸಾರ್. ನೀವು ನಂಬಿದ್ರೆ ಸಾಕಿತ್ತು.”

ಮುಂದಿನ ಎರಡು ದಿನ ಅಂಗಡಿ ಮುಚ್ಚಿತ್ತು. ತಾಮ್ರ, ಅಲ್ಯುಮಿನಿಯಂ ಎರಡಕ್ಕೂ ಹೊಂದುವ ಬೈಮೆಟಲ್ ಲಗ್ ಹಾಕಿ, ಎಸಿಗಳನ್ನು ಮೂರೂ ಫೇಸ್‌ಗೆ ಹಂಚಿದೆವು. ವೋಲ್ಟೇಜ್ ಏರಿದರೆ ತಾನೇ ಕಡಿದುಹಾಕುವ ರಿಲೇ ಕೂರಿಸಿದೆವು. ಡಯಾಲಿಸಿಸ್ ಕೇಂದ್ರಕ್ಕೆ ಪ್ರತ್ಯೇಕ ಲೈನ್ ಕೊಟ್ಟೆವು. ಗೋಣಿಚೀಲಗಳನ್ನು ಶಿವಲಿಂಗಪ್ಪನವರೇ ನಿಂತು ಮಂಡಿಗೆ ಸಾಗಿಸಿದರು.

ವರದಿಯಲ್ಲಿ ನನ್ನ ಹಿಂದಿನ ವಿಸಿಟ್ಟನ್ನೂ ನರ್ಸ್ ಕೊಟ್ಟ ದೂರನ್ನೂ ಬರೆದೆ. ಮ್ಯಾನೇಜರ್ ಫೋನ್ ಮಾಡಿ, “ಅದೆಲ್ಲ ಯಾಕೆ ಮೂರ್ತಿ? ಲೋಡ್ ಜಾಸ್ತಿ ಆಗಿ ಸುಟ್ಟಿತು ಅಂತ ಬರೀರಿ, ಅದೂ ನಿಜ ತಾನೇ” ಎಂದರು. ಅದು ನಿಜವೇ. ಆದರೂ ಬದಲಾಯಿಸಲಿಲ್ಲ. ಎಚ್ಚರಿಕೆಯ ಪತ್ರ ಬಂತು. ಆ ಕಟ್ಟಡವನ್ನು ನನ್ನಿಂದ ತೆಗೆದು ಬೇರೆಯವರಿಗೆ ಕೊಟ್ಟರು. ರಂಗಪ್ಪನವರು ಮುಂದೆ ಒಂದು ವರ್ಷದ ಮೇಲೆ ಬದುಕಿದ್ದರು ಎಂದು ಬಸವರಾಜು ಹೇಳಿದ.

ಮೀಟರ್ ತೋರಿಸುವುದು ನಾವು ಮುಟ್ಟಿದ ಗಳಿಗೆಯ ಸ್ಥಿತಿಯನ್ನು ಮಾತ್ರ. ಉಳಿದ ಹೊತ್ತಿನದು ಅಲ್ಲಿ ಕೆಲಸ ಮಾಡುವವರಿಗೆ ಗೊತ್ತಿರುತ್ತದೆ. ಸರ್ವಿಸು ಮೂವತ್ತು ವರ್ಷದ ಹತ್ತಿರ ಬಂದ ಮೇಲೆ ನನ್ನ ಕೆಲಸ ನನಗೆ ಇದನ್ನು ಕಲಿಸಿತು. ಅಲ್ಲಿಂದಾಚೆಗೆ ಯಾವ ಕಟ್ಟಡಕ್ಕೆ ಹೋದರೂ ಸಾಮಾನಿನ ಚೀಲ ಬಿಚ್ಚುವ ಮೊದಲು ಅಲ್ಲಿರುವವರನ್ನು ಕೇಳುವ ರೂಢಿ ಮಾಡಿಕೊಂಡೆ. ಹೆಚ್ಚಿನ ಸಲ ಅವರು ಏನೂ ಇಲ್ಲ ಅನ್ನುತ್ತಾರೆ.

ನಿವೃತ್ತಿಗೆ ಕೆಲವು ತಿಂಗಳ ಮುಂಚೆ ಚಿಕ್ಕನಾಯಕನಹಳ್ಳಿಯ ಒಂದು ಮಂಟಪದಲ್ಲಿ ಕಸ ಗುಡಿಸಿ ಪಾತ್ರೆ ತೊಳೆಯುವ ಲಕ್ಷ್ಮಮ್ಮ ಎಂಬುವರನ್ನು ಹಾಗೇ ಕೇಳಿದೆ. ಅಡುಗೆಯವರು ಗೀಸರ್ ಹಾಕಿದಾಗ ಪಾತ್ರೆ ತೊಳೆಯುವ ನಲ್ಲಿ ಮುಟ್ಟಿದರೆ ಕೈ ಜುಂ ಅನ್ನುತ್ತದೆ ಎಂದರು. ಹೋಗಿ ಗೀಸರ್ ಹಾಕಿ ನೋಡಿದೆ. ಒಳಗಿನ ಕಾಯಿಲ್ ಒಡೆದಿತ್ತು, ಅರ್ಥ್ ವೈರ್ ಕಿತ್ತುಹೋಗಿತ್ತು. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಅವರು ತೊಳೆಯುತ್ತಿದ್ದುದು ಆ ನಲ್ಲಿಯಲ್ಲೇ.

“ಎಷ್ಟು ದಿನದಿಂದಮ್ಮ ಹಿಂಗೆ?” ಎಂದು ಕೇಳಿದೆ.

“ಆಯ್ತು, ಎರಡು ತಿಂಗ್ಳು.”

“ಮೊದ್ಲೇ ಹೇಳಬಾರ್ದಾಗಿತ್ತಾ?”

ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡರು. “ಯಾರು ಕೇಳಿದ್ರು ಸಾಮಿ?”