ಅತ್ತೆಯ ನಂಬರು

ನನ್ನ ಗಂಡನ ಹೊಟ್ಟೆಯಲ್ಲಿದ್ದದ್ದು ನಮ್ಮತ್ತೆಯ ಕಿಡ್ನಿ. ಕೊರೊನಾ ಎಂಬ ಹೆಸರು ಯಾರಿಗೂ ಗೊತ್ತಿರದ ಕಾಲದಲ್ಲಿ ಹೈದರಾಬಾದಿನ ದೊಡ್ಡ ದವಾಖಾನೆಯೊಂದರಲ್ಲಿ ಅದನ್ನು ಕೂರಿಸಿದ್ದರು. ಬೇರೆಯವರ ಕಿಡ್ನಿಯನ್ನು ಮೈ ಒಪ್ಪಿಕೊಳ್ಳಲಿ ಎಂದು ನಮ್ಮವರು ದಿನಾ ಗುಳಿಗೆ ನುಂಗುತ್ತಿದ್ದರು. ಆ ಗುಳಿಗೆ ಕಿಡ್ನಿಯನ್ನು ಉಳಿಸುತ್ತಿತ್ತು, ಆದರೆ ರೋಗದ ಜೊತೆ ಹೊಡೆದಾಡುವ ಶಕ್ತಿಯನ್ನು ಕಿತ್ತುಕೊಳ್ಳುತ್ತಿತ್ತು. ನೆಗಡಿ ಬಂದರೂ ನಮ್ಮ ಮನೆಯಲ್ಲಿ ಎಲ್ಲರ ಮುಖ ಬಾಡುತ್ತಿತ್ತು.

ತೆಲುಗು ಸೀಮೆಯ ತಾಂಡೂರಿನಲ್ಲಿ ನಮ್ಮದು ರೈತರ ತೊಗರಿಯನ್ನು ಕಮಿಷನ್ನಿಗೆ ಮಾರಿಕೊಡುವ ಅಡತಿ ಅಂಗಡಿ. ಅದನ್ನು ನಡೆಸುವವರು ನನ್ನ ಭಾವ, ಅಂದರೆ ನಮ್ಮವರ ಅಣ್ಣ. ನಾನು ಶಾಲೆಯಲ್ಲಿ ತೆಲುಗಿನಲ್ಲಿ ಗಣಿತ ಕಲಿಸುತ್ತೇನೆ, ಮನೆಗೆ ಬಂದು ಕನ್ನಡದಲ್ಲಿ ಬೈಯುತ್ತೇನೆ. ಅತ್ತೆ ಆಗ ನಮ್ಮ ಹಳ್ಳಿ ಕಂಗ್ಟಿಯಲ್ಲಿ ಕಿರಿಯ ಮಗನ ಸಂಸಾರದ ಜೊತೆ ಇದ್ದರು.

ಕೊರೊನಾ ಬಂದ ಮರುವರ್ಷದ ಬೇಸಿಗೆಯಲ್ಲಿ ಎಲ್ಲರೂ ಎರಡೆರಡು ಲಸಿಕೆಯ ಸೂಜಿ ಹಾಕಿಸಿಕೊಂಡೆವು. ನಮ್ಮವರಿಗೆ ಸೂಜಿ ಹತ್ತಿದೆಯೋ ಇಲ್ಲವೋ ನೋಡೋಣ ಎಂದು ಡಾಕ್ಟರು ಆಂಟಿಬಾಡಿ ಪರೀಕ್ಷೆ ಬರೆದುಕೊಟ್ಟರು. ರೋಗವನ್ನು ಎದುರಿಸುವ ಸರಕು ರಕ್ತದಲ್ಲಿ ಎಷ್ಟಿದೆ ಎಂದು ಅದು ನಂಬರಿನಲ್ಲಿ ಹೇಳುತ್ತದೆ. ಭಾವನಿಗೆ ನಂಬರು ಎಂದರೆ ಜೀವ. ಹಾಗಾದರೆ ಎಲ್ಲರದೂ ನೋಡೇಬಿಡೋಣ ಎಂದರು. ತಾಂಡೂರಿಗೆ ಬಂದಿದ್ದ ಅತ್ತೆಯೂ ಕೈ ಚಾಚಿದರು.

ನಮ್ಮವರದು ಇದ್ದೂ ಇಲ್ಲದಂತೆ ಬಂತು. ಎರಡು ಸೂಜಿಯೂ ನೀರಿನಲ್ಲಿ ಹೋಮ. ನನ್ನದು ಸಾಧಾರಣ. ಅತ್ತೆಯದು ಮಾತ್ರ ನಮ್ಮೆಲ್ಲರದನ್ನು ಕೂಡಿಸಿದರೂ ಮೀರುವಷ್ಟು. ಲ್ಯಾಬಿನವನು ಹಿಂದೆ ಯಾವಾಗಾದರೂ ಜ್ವರ ಬಂದಿತ್ತೇನು ಎಂದು ವಿಚಾರಿಸಿದ. ಯುಗಾದಿ ಹೊತ್ತಿಗೆ ಮೈ ಬೆಚ್ಚಗಾಗಿತ್ತು, ಕಷಾಯ ಕುಡಿದೆ ಹೋಯಿತು ಎಂದರು ಅತ್ತೆ. ರೋಗವೂ ಬಂದು ಹೋಗಿ, ಸೂಜಿಯೂ ಬಿದ್ದು, ಎರಡೂ ಸೇರಿ ಅಷ್ಟು ಏರಿತ್ತು.

ಮಾರ್ಕೆಟ್ಟಿನಲ್ಲಿ ತೊಗರಿ ಚೀಲ ಬಂದರೆ ಮೊನೆಯ ಕಬ್ಬಿಣ ಚುಚ್ಚಿ ಒಂದು ಹಿಡಿ ಕಾಳು ತೆಗೆದು ನೋಡುತ್ತಾರೆ. ಆ ಹಿಡಿಯ ಮೇಲೆ ಇಡೀ ರಾಶಿಯ ದರ್ಜೆ ಗೊತ್ತಾಗುತ್ತದೆ. ಆಮೇಲೆ ಯಾರೂ ಚೀಲ ಬಿಚ್ಚುವುದಿಲ್ಲ, ಬಿಚ್ಚಿದರೆ ಅದು ಮಾತಿಗೆ ತಪ್ಪಿದಂತೆ. ಭಾವ ನಮ್ಮನ್ನೂ ಹಾಗೇ ದರ್ಜೆ ಮಾಡಿದರು. ನಮ್ಮವರನ್ನು ಒಂದು ಕೋಣೆಯಲ್ಲಿ ಬೇರೆಯಾಗಿ ಇರಿಸಿದೆವು. ಅತ್ತೆ ಮೊದಲ ದರ್ಜೆ, ಅವರೊಬ್ಬರೇ ಆ ಕೋಣೆಗೆ ಹೋಗುವುದು. ನಾನು ದಿನಾ ಶಾಲೆಗೆ ಹೋಗಿ ಮಕ್ಕಳ ನಡುವೆ ನಿಲ್ಲುವವಳು, ನಂಬರೂ ಸಾಧಾರಣ. ನಾನು ಹೊಸ್ತಿಲ ಆಚೆ.

ಅತ್ತೆ ಗಂಟುಮೂಟೆ ಸಮೇತ ಬಂದು ಆ ಕೋಣೆಯಲ್ಲಿ ಕೂತುಬಿಟ್ಟರು. ರೊಟ್ಟಿ ಅವರ ಕೈಯಿಂದ, ಗುಳಿಗೆ ಅವರ ಕೈಯಿಂದ, ಬೆಳಿಗ್ಗೆ ಹಣೆಗೆ ವಿಭೂತಿ ಅವರ ಬೆರಳಿಂದ. ನಾನು ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು, ಕಟ್ಟಿಕೊಂಡ ಗಂಡನ ಜೊತೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರ ಹಾಗೆ ದೂರದಿಂದ ಮಾತಾಡುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು. ಯಾಕೆ ಮುಚ್ಚಿಡಲಿ.

ಅತ್ತೆಗೆ ಒಂದು ಸಂಗತಿ ಮಾತ್ರ ಬಗೆಹರಿಯಲಿಲ್ಲ. ಒಂದು ದಿನ ತೊಗರಿ ಆರಿಸುತ್ತ ನನ್ನನ್ನು ಕೇಳಿದರು.

"ನನ್ನ ಕಿಡ್ನಿ ಅವನ ಮೈಯಾಗ ಅದ. ನನ್ನ ನಂಬರು ಅವನಿಗ್ಯಾಕ ಬರಲಿಲ್ಲ?"

ಕಿಡ್ನಿಯ ಕೆಲಸ ಬೇರೆ, ಇದರ ಕೆಲಸ ಬೇರೆ ಎಂದು ಹೇಳಿದೆ. ತಲೆ ಆಡಿಸಿದರು, ನಂಬಿದಂತೆ ಕಾಣಲಿಲ್ಲ. ಒಂದು ಅಂಗ ಕೊಟ್ಟವಳಿಗೆ ಇಷ್ಟೂ ಕೊಡಲು ಆಗಲಿಲ್ಲವಲ್ಲ ಎಂಬ ಸಂಕಟ ಅದು. ಆಗ ನನಗೆ ಅದು ಹಟದಂತೆ ಕಂಡಿತ್ತು.

ಫೋನಿನಲ್ಲಿ ಡಾಕ್ಟರು ಸ್ಪಷ್ಟವಾಗಿಯೇ ಹೇಳಿದ್ದರು. ಈ ನಂಬರು ಪರವಾನಗಿ ಅಲ್ಲ, ತಿಂಗಳು ಕಳೆದ ಹಾಗೆ ಇಳಿಯುತ್ತ ಹೋಗುತ್ತದೆ, ಎಷ್ಟೇ ಇದ್ದರೂ ನಿಮ್ಮವರ ಹತ್ತಿರ ಹೋಗುವವರು ಮೂಗು ಬಾಯಿ ಮುಚ್ಚಿಕೊಳ್ಳಬೇಕು ಎಂದು. ನಾನು ಅದನ್ನು ಮನೆಯಲ್ಲಿ ಒಂದಕ್ಷರ ಬಿಡದೆ ಹೇಳಿದೆ. ಡಾಕ್ಟರುಗಳು ಹಾಗೆ ಹೆದರಿಸುತ್ತಲೇ ಇರುತ್ತಾರೆ ಎಂದು ಭಾವ ಅಂಗಡಿಗೆ ಹೋದರು.

ದೀಪಾವಳಿ ಮುಗಿದ ಮೇಲೆ ಯಾರಿಗೂ ಹೇಳದೆ ನನ್ನದನ್ನು ಮತ್ತೊಮ್ಮೆ ನೋಡಿಸಿದೆ. ಅರ್ಧಕ್ಕಿಂತ ಕೆಳಗೆ ಬಂದಿತ್ತು. ಅವತ್ತು ಸಂಜೆ ಬಾಗಿಲಲ್ಲೇ ನಿಂತು ಮಾತು ತೆಗೆದೆ.

"ಅತ್ತೀ, ನೀವೂ ಇನ್ನೊಮ್ಮೆ ನೋಡಿಸ್ಕೋರಿ. ನಂದು ಇಳದದ."

"ನಿಂದು ಇಳದರ ನಂದೂ ಇಳೀಬೇಕೇನು? ನನಗ ಈ ಖೋಲ್ಯಾಗಿಂದ ಹೊರಗ ಹಾಕಾಕ ನೋಡಾಕತ್ತಿ."

ಆ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಅವರನ್ನು ಎಬ್ಬಿಸಿ ಆ ಜಾಗದಲ್ಲಿ ಕೂರುವ ಆಸೆ ನನಗೂ ಇತ್ತು. ಆದರೆ ಭಯವೂ ಅಷ್ಟೇ ಇತ್ತು. ಭಯವನ್ನು ಯಾರೂ ನೋಡಲಿಲ್ಲ, ಆಸೆಯನ್ನು ಎಲ್ಲರೂ ನೋಡಿದರು. ನಮ್ಮವರು ಮಂಚದ ಮೇಲೆ ಕೂತು, ಇಬ್ಬರೂ ಸುಮ್ಮನಿರಿ ಎಂದು ನಕ್ಕರು.

ಎಳ್ಳಾಮಾಸಿ ಬಂತು. ಆ ಅಮಾವಾಸ್ಯೆಗೆ ನಮ್ಮ ಕಡೆಯವರು ಬಂಧುಬಳಗ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ನಿಂತ ಬೆಳೆಗೆ ಪೂಜೆ ಮಾಡಿ, ಹೊಲದ ಸುತ್ತ ಅನ್ನದ ಚರಗ ಚೆಲ್ಲಿ, ಅಲ್ಲೇ ಸಾಲಾಗಿ ಕೂತು ಉಣ್ಣುತ್ತಾರೆ. ಮದುವೆಯಾಗಿ ಬಂದಾಗಿನಿಂದ ಕಂಗ್ಟಿಯ ನಮ್ಮ ಹೊಲದಲ್ಲಿ ಚರಗದ ಬುಟ್ಟಿ ಹೊತ್ತವರು ಅತ್ತೆಯೇ. ಈ ವರ್ಷ ಬೇರೆಯವರು ಹೊತ್ತರೆ ಭೂಮಿತಾಯಿ ಮುನಿಯುತ್ತಾಳೆ ಎಂದು ಹೊರಟು ನಿಂತರು. ಹೊಸ ಅಲೆ ಬಂದಿದೆ ಎಂದು ಟಿವಿಯಲ್ಲಿ ಬಡಕೊಳ್ಳುತ್ತಿದ್ದರು. ತಡೆಯಿರಿ ಎಂದು ನಮ್ಮವರಿಗೆ ಹೇಳಿದೆ. ಕೂತು ಕೂತು ಅವ್ವನಿಗೆ ಬೇಸರವಾಗಿದೆ, ಹೋಗಿ ಬರಲಿ ಬಿಡು ಎಂದರು.

ಹೊಲದಲ್ಲಿ ಬೀದರದಿಂದ ಬಂದ ನೆಂಟರು, ಅವರ ಮಕ್ಕಳು, ಸೊಸೆಯಂದಿರು. ಎಲ್ಲರ ಜೊತೆ ಉಂಡು, ಎರಡು ರಾತ್ರಿ ಅಲ್ಲೇ ಕಳೆದು, ನಾರಾಯಣಖೇಡದಲ್ಲಿ ಒಂದು ಬಸ್ಸು, ಜಹೀರಾಬಾದಿನಲ್ಲಿ ಇನ್ನೊಂದು ಬಸ್ಸು ಬದಲಿಸಿ ಅತ್ತೆ ತಾಂಡೂರಿಗೆ ಬಂದರು. ಕೈಯಲ್ಲಿ ಸ್ಟೀಲಿನ ಡಬ್ಬಿ. ಹಸಿಗಾಳು, ಸೊಪ್ಪು, ಎಲ್ಲಾ ಕೂಡಿಸಿ ಕುದಿಸುವ ಎಳ್ಳಾಮಾಸಿಯ ಭಜ್ಜಿ, ಜೊತೆಗೆ ಸಜ್ಜಿ ರೊಟ್ಟಿ. ಗಂಟಲು ಕೆರೆಯುತ್ತಿದೆ, ಬಸ್ಸಿನ ಧೂಳು ಎನ್ನುತ್ತ ನೇರವಾಗಿ ಕೋಣೆಗೆ ಹೋದರು. ಕೈಕಾಲು ತೊಳೆದರು, ಅದೂ ಖರೆ. ಬಾಯಿಗೆ ಬಟ್ಟೆ ಮಾತ್ರ ಕಟ್ಟಿರಲಿಲ್ಲ.

ನಾನು ಹೊಸ್ತಿಲಲ್ಲಿ ನಿಂತು ಬ್ಯಾಡ್ರಿ, ಬ್ಯಾಡ್ರಿ ಅನ್ನುತ್ತಿದ್ದೆ. ಅತ್ತೆ ರೊಟ್ಟಿ ಮುರಿದು ಭಜ್ಜಿಯಲ್ಲಿ ಅದ್ದಿ ಮಗನ ಬಾಯಿಗಿಟ್ಟರು. ನಮ್ಮವರು ಕಣ್ಣು ಮುಚ್ಚಿ ತಿಂದರು. ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ಅಂಥ ಸುಖ ಕಂಡೆ. ಆ ಮುಖಕ್ಕೆ ನಾನೂ ಸೋತೆ.

ವಾರ ತುಂಬುವ ಮೊದಲೇ ನಮ್ಮವರಿಗೆ ಜ್ವರ ಏರಿತು. ಅತ್ತೆಯದು ನಾಲ್ಕು ದಿನದ ಕೆಮ್ಮು, ಆಮೇಲೆ ಹೊಟ್ಟೆತುಂಬ ಉಂಡರು. ನಮ್ಮವರನ್ನು ಹೈದರಾಬಾದಿಗೆ ಒಯ್ದೆವು. ಅಲ್ಲಿ ಒಳಗೆ ಹೋದವರು ಕಾಲಮೇಲೆ ಹೊರಗೆ ಬರಲಿಲ್ಲ. ನಾವು ಸತ್ತವರನ್ನು ಕೂರಿಸಿ, ಕೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುವ ಜನ. ಚೀಲದಲ್ಲಿ ಸುತ್ತಿಕೊಟ್ಟವರನ್ನು ಹೇಗೆ ಕೂರಿಸುವುದು? ಮಲಗಿಸಿಯೇ ಮಣ್ಣು ಹಾಕಿದೆವು. ಈಗಲೂ ಕಣ್ಣು ಮುಚ್ಚಿದರೆ ಅವರು ಮಲಗಿಯೇ ಇದ್ದಾರೆ, ಎದ್ದು ಕೂರಲು ಬಿಡಿ ಎಂದು ಯಾರಿಗೂ ಹೇಳಲಾರದೆ.

ಮಾತಾಡಿಸಲು ಬಂದವರೆಲ್ಲ ಶಿವನ ಇಚ್ಛೆ ಎಂದರು. ಶಿವನ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ಸುಲಭ. ಭಾವ ಆ ನಂಬರಿನ ಮಾತು ಮತ್ತೆ ಎತ್ತಲಿಲ್ಲ. ನಾನು ಅತ್ತೆಯ ಜೊತೆ ಮಾತು ಬಿಟ್ಟೆ. ಕಂಗ್ಟಿಗೆ ಹೋಗಿ ಎಂದರೂ ಅವರು ಹೋಗಲಿಲ್ಲ. ಖಾಲಿ ಮಂಚದ ಪಕ್ಕ ನೆಲದ ಮೇಲೆ ಇರುತ್ತಿದ್ದರು. ಈಗ ನಾನು ಬೇಕಾದಾಗ ಆ ಕೋಣೆಗೆ ಹೋಗಬಹುದಾಗಿತ್ತು. ಹೋಗಿ ಏನು ಮಾಡಲಿ?

ಒಂದು ದಿನ ಅತ್ತೆಯೇ ಸೆರಗು ಹೊದ್ದು ಬಂದು, ಲ್ಯಾಬಿಗೆ ಕರಕೊಂಡು ಹೋಗು ಎಂದರು. ಮಗನಿಗೆ ಭಜ್ಜಿ ಉಣಿಸಿದ ದಿನ ತನ್ನ ನಂಬರು ಖಾಲಿಯಾಗಿತ್ತೇ ಎಂದು ನೋಡಬೇಕಂತೆ. ಅವತ್ತಿನದು ಇವತ್ತು ಕಾಣುವುದಿಲ್ಲ ಎಂದೆ. ಕೇಳಲಿಲ್ಲ. ನನಗೂ ಒಳಗೊಳಗೆ ಒಂದು ಕೆಟ್ಟ ಕುತೂಹಲ. ಕರಕೊಂಡು ಹೋದೆ.

ಮೊದಲ ಸಲಕ್ಕಿಂತ ಬಹಳ ಹೆಚ್ಚು ಬಂದಿತ್ತು. ಲ್ಯಾಬಿನವನು ಏನೂ ಅರಿಯದೆ, ನಿಮಗೆ ಇನ್ನು ಭಯವಿಲ್ಲಮ್ಮ ಎಂದು ತೆಲುಗಿನಲ್ಲಿ ಹೇಳಿ ನಕ್ಕ. ಹೊರಗೆ ಬಂದ ಮೇಲೆ ಅತ್ತೆ ನನ್ನ ಮುಖ ನೋಡಿದರು. ನನ್ನಲ್ಲಿ ಸುಳ್ಳು ಹೇಳುವ ಶಕ್ತಿಯೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ಎಳ್ಳಾಮಾಸಿಯಿಂದ ತಂದ ಕೆಮ್ಮೇ ಕೊರೊನಾ ಆಗಿತ್ತು, ಅದು ಬಂದುಹೋದದ್ದರಿಂದಲೇ ಇಷ್ಟು ಏರಿದೆ ಎಂದೆ. ಅತ್ತೆ ಅಲ್ಲೇ ರಸ್ತೆಯ ಬದಿಯ ಬಂಡೆಕಲ್ಲಿನ ಮೇಲೆ ಕೂತರು. ಕಲ್ಲು ತುಂಬಿದ ಲಾರಿಗಳು ಹೋಗುತ್ತಿದ್ದವು.

"ಅವನಿಗ ಒಯ್ದದ್ದೇ ನನಗ ಕಾಯಾಕತ್ತದಲ್ಲ," ಎಂದರು. "ಇದು ಯಾವಾಗ ಇಳೀತದ?"

"ತಿಂಗಳು ಕಳದಂಗ ಇಳೀತದರಿ."

"ಇಳೀಲಿ. ಪೂರಾ ಇಳೀಲಿ. ನನಗ ಮತ್ತ ಸೂಜಿ ಹಾಕಸಬ್ಯಾಡ."

ಮಳೆಗಾಲದಲ್ಲಿ ಬೂಸ್ಟರ್ ಎಂಬ ಮೂರನೆಯ ಸೂಜಿ ಹಾಕುವ ಹೆಣ್ಣುಮಕ್ಕಳು ನಮ್ಮ ಓಣಿಗೆ ಬಂದರು. ನಾನು ಕಟ್ಟೆಯ ಮೇಲೆ ಕೂತು ಹಾಕಿಸಿಕೊಂಡೆ. ಮನೆಯಲ್ಲಿ ವಯಸ್ಸಾದವರು ಯಾರಾದರೂ ಇದ್ದಾರೇನು ಎಂದು ಕೇಳಿದರು. ಅತ್ತೆ ಬಾಗಿಲ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದರು. ಯಾರೂ ಇಲ್ಲ ಎಂದೆ.