ಎಡಬಲ ತಪ್ಪಿದ ಮೆದುಳಿನ ಫೋಟೊ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಚಾಮರಾಜನಗರದ ಒಂದು ಫೋಟೊ ಸ್ಟುಡಿಯೊದಲ್ಲಿ ಕೆಲಸಕ್ಕಿದ್ದೆ. ನೆಗೆಟಿವ್ ತಿದ್ದುವುದು, ಪ್ರಿಂಟಿನ ಮೇಲಿನ ಧೂಳಿನ ಚುಕ್ಕೆಗಳನ್ನು ಸಣ್ಣ ಕುಂಚದಿಂದ ಮುಚ್ಚುವುದು ನನ್ನ ಪಾಲಿನದು. ಎಂಟು ವರ್ಷ ಮದುವೆ ಹೆಣ್ಣುಗಳ ಮೊಡವೆ ಕಲೆ ಅಳಿಸಿದ್ದೆ. ಡಾರ್ಕ್‌ರೂಮಿನ ಕೆಲಸವನ್ನೂ ಕಲಿತಿದ್ದೆ. ಮಾಲೀಕರಾದ ಸಾಬರು ಅದನ್ನು ಮುಂದೆ ನನಗೇ ವಹಿಸುತ್ತಾರೆಂದು ನಂಬಿಕೊಂಡಿದ್ದೆ. ಅಷ್ಟರಲ್ಲಿ ಗುಂಡ್ಲುಪೇಟೆಯಿಂದ ಅವಳು ಕೆಲಸಕ್ಕೆ ಬಂದಳು.

ನನಗಿಂತ ಏಳೆಂಟು ವರ್ಷ ಚಿಕ್ಕವಳು. ಆರೇ ತಿಂಗಳಿಗೆ ಡಾರ್ಕ್‌ರೂಮು ಅವಳದಾಯಿತು. “ಇವಳ ಕೈಲಿ ಕಪ್ಪು ಕಪ್ಪಾಗೇ ಬರ್ತದೆ, ನೋಡಮ್ಮ” ಎಂದು ಸಾಬರು ನನಗೇ ತೋರಿಸಿದರು. ಅವಳೋ ಅಕ್ಕ ಅಕ್ಕ ಎಂದು ನನ್ನ ಹಿಂದೆಯೇ ಸುತ್ತುತ್ತಿದ್ದಳು, ತಂದ ಬುತ್ತಿಯಲ್ಲಿ ಅರ್ಧ ನನಗಿಡುತ್ತಿದ್ದಳು. ತಿನ್ನುತ್ತಿದ್ದೆ. ತಿಂದು ಕೈತೊಳೆದು ಅವಳ ಪ್ರಿಂಟುಗಳಲ್ಲಿ ತಪ್ಪು ಹುಡುಕುತ್ತಿದ್ದೆ. ಸಿಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗುಂಡ್ಲುಪೇಟೆ ಹತ್ತಿರದ ಹಂಗಳದ ಒಬ್ಬರು ಮೈಸೂರಿನಲ್ಲಿ ತೆಗೆಸಿದ ಸ್ಕ್ಯಾನ್ ಫಿಲ್ಮು ಹಿಡಿದು ಬಂದರು. ಅವರ ಹೆಂಡತಿಯ ಮೆದುಳಿನದು. ಒಂದೇ ಹಾಳೆಯಲ್ಲಿ ಬೆಂಕಿಪೊಟ್ಟಣದಷ್ಟಗಲದ ಚಿತ್ರಗಳು ಸಾಲಾಗಿದ್ದವು. ಗುಂಡ್ಲುಪೇಟೆಯ ಡಾಕ್ಟರು ಅವುಗಳಲ್ಲಿ ಎರಡನ್ನು ದೊಡ್ಡದು ಮಾಡಿಸಿ ಮದ್ರಾಸಿನಲ್ಲಿದ್ದ ತಮ್ಮ ಗುರುಗಳಿಗೆ ಅಂಚೆಯಲ್ಲಿ ಕಳಿಸಬೇಕೆಂದಿದ್ದರು. ಜೊತೆಗೊಂದು ಚೀಟಿ: ಪ್ರತಿ ಚಿತ್ರದ ಪಕ್ಕದಲ್ಲಿರುವ ‘ಆರ್’ ಅಕ್ಷರ ರೋಗಿಯ ಬಲಗಡೆಯ ಗುರುತು, ನೋಡುವವರ ಎಡಕ್ಕೆ ಇರುತ್ತದೆ, ಎಷ್ಟು ದೊಡ್ಡದು ಮಾಡಿದರೂ ಅದು ತಪ್ಪಬಾರದು.

“ಎಡಗೈ ಎತ್ತಕೇ ಆಯ್ತಿಲ್ಲ ಕಣಮ್ಮ ಅವ್ಳಿಗೆ” ಎಂದರು ಅವರು, ಯಾರೂ ಕೇಳದೆಯೇ. “ಅಂಗನವಾಡೀಲಿ ಟೀಚರು.”

ಸಾಬರು ಫಿಲ್ಮನ್ನು ಅವಳ ಕೈಗೆ ಕೊಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ.

ಅವಳು ಟ್ಯೂಬ್‌ಲೈಟಿನ ಮೇಲೆ ಹಾಲುಬಣ್ಣದ ಗಾಜಿಟ್ಟು, ಅದರ ಮೇಲೆ ಫಿಲ್ಮು ಹಾಸಿ, ಎರಡು ಚಿತ್ರಗಳ ಫೋಟೊ ತೆಗೆದಳು. ಮರುದಿನ ಸಂಜೆಗೆ ಪ್ರಿಂಟುಗಳು ನನ್ನ ಮೇಜಿಗೆ ಬಂದವು. ಎರಡನೆಯದನ್ನು ಕಾಗದ ತುಂಬುವಷ್ಟು ದೊಡ್ಡದು ಮಾಡಿದ್ದರಿಂದ ‘ಆರ್’ ಹೊರಗುಳಿದಿತ್ತು. ಅವಳು ಅದನ್ನು ಶಾಯಿಯಲ್ಲಿ ಎಡಗಡೆ ದುಂಡಗೆ ಬರೆದಿದ್ದಳು. ಚುಕ್ಕೆ ತಿದ್ದುತ್ತ ಫಿಲ್ಮಿನ ಜೊತೆ ಹೋಲಿಸಿದೆ. ಫಿಲ್ಮಿನಲ್ಲಿ ಬಿಳಿ ಗಂಟು ‘ಆರ್’ ಇದ್ದ ಕಡೆಗಿತ್ತು. ಪ್ರಿಂಟಿನಲ್ಲಿ ಆಚೆ ಕಡೆಗಿತ್ತು. ಪ್ರಿಂಟು ತೆಗೆಯುವಾಗ ನೆಗೆಟಿವನ್ನು ಮಗುಚಿ ಹಾಕಿಬಿಟ್ಟಿದ್ದಳು.

ಆ ಕ್ಷಣ ನನಗಾದದ್ದು ಗಾಬರಿಯಲ್ಲ, ಸಂತೋಷ. ಕೊನೆಗೂ ಸಿಕ್ಕಿತ್ತು. ಡಾಕ್ಟರೇ ಕಂಡುಹಿಡಿದು ಸಾಬರಿಗೆ ಬೈಯಲಿ ಎಂದುಕೊಂಡು ಎರಡನ್ನೂ ಕವರಿಗೆ ಹಾಕಿದೆ. ಹಂಗಳದವರು ಬಂದರು. ಕವರನ್ನೂ ಫಿಲ್ಮನ್ನೂ ಎದೆಗವಚಿಕೊಂಡು ಬಸ್ಸಿಗೆ ಓಡಿದರು. “ಎಷ್ಟು ಚೆನ್ನಾಗಿ ಮಾಡವ್ಳೆ ನೋಡು” ಎಂದರು ಸಾಬರು. ಹೌದು ಎಂದೆ.

ಡಾಕ್ಟರು ನೋಡದೆ ಕಳಿಸಿಬಿಟ್ಟರೆ? ಮನೆಗೆ ಹೋಗುವಾಗ ಹೊಳೆದ ಈ ಮಾತು ಬೆಳಗಿನವರೆಗೂ ಬಿಡಲಿಲ್ಲ. ಸ್ಟುಡಿಯೊ ತೆರೆಯುವ ಹೊತ್ತಿಗೇ ಹೋದೆ. ಅವಳಿನ್ನೂ ಬಂದಿರಲಿಲ್ಲ. ನೆಗೆಟಿವನ್ನು ಸರಿಯಾಗಿ ಹಾಕಿ, ಅಕ್ಷರ ಒಳಗೇ ಉಳಿಯುವಷ್ಟು ಮಾತ್ರ ದೊಡ್ಡದು ಮಾಡಿ ಹೊಸ ಪ್ರಿಂಟು ತೆಗೆದೆ. ಮೊದಲು ತೆಗೆದ ಒಂದು ಮಸುಕಾಗಿತ್ತು. ಅದನ್ನು ತಟ್ಟೆಯ ನೀರಿನಲ್ಲೇ ಬಿಟ್ಟು, ಸಾಬರಿಗೆ ತಲೆನೋವೆಂದು ಹೇಳಿ, ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಹೋಗುವ ಬಸ್ಸು ಹತ್ತಿದೆ.

ಗುಂಡ್ಲುಪೇಟೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರು ಕೈ ಚಾಚಿದರು.

“ಎರಡನೇದು ತಾನೆ? ಕೊಡಿ. ನಿಮ್ಮ ಸ್ಟುಡಿಯೊ ಹುಡುಗಿ ಈಗಷ್ಟೇ ಬೂತಿಂದ ಫೋನ್ ಮಾಡಿದ್ಲು. ನನ್ನಿಂದ ತಪ್ಪಾಗಿದೆ, ಪೋಸ್ಟ್ ಮಾಡ್ಬೇಡಿ, ಅಕ್ಕ ಕಂಡುಹಿಡಿದು ಸರಿ ಮಾಡ್ಕೊಂಡು ಬತ್ತಾವ್ರೆ ಅಂದ್ಲು.”

ತಟ್ಟೆಯಲ್ಲಿದ್ದ ಮಸುಕು ಪ್ರಿಂಟಿನಲ್ಲಿ ಗಂಟು ‘ಆರ್’ ಕಡೆಗಿದ್ದದ್ದು ನೋಡಿಯೇ ಅವಳಿಗೆ ತನ್ನ ತಪ್ಪೂ ನಾನು ಹೊರಟದ್ದೆಲ್ಲಿಗೆ ಎಂಬುದೂ ತಿಳಿದಿತ್ತು. ಅಂಟಿಸಿದ ಕವರು ಇನ್ನೂ ಡಾಕ್ಟರ ಮೇಜಿನ ಮೇಲೇ ಇತ್ತು. ಅವರು ಅದನ್ನು ಹರಿದು ಚಿತ್ರ ಬದಲಿಸಿದರು.

“ನೀವು ಯಾವಾಗ ನೋಡಿದ್ರಿ?”

“ಇವತ್ತು ಬೆಳಿಗ್ಗೆ” ಎಂದೆ.

ಊರಿಗೆ ಮರಳುವಾಗ ಬಸ್ಸಿನಲ್ಲಿ ನಾಚಿಕೆಗಿಂತ ಹೊಟ್ಟೆಕಿಚ್ಚೇ ಹೆಚ್ಚಾಗಿತ್ತು. ತಪ್ಪು ಮಾಡಿಯೂ ಅವಳು ನನಗಿಂತ ಒಳ್ಳೆಯವಳಾಗಿಬಿಟ್ಟಿದ್ದಳು. ಸ್ಟುಡಿಯೊಗೆ ಕಾಲಿಟ್ಟಾಗ ಅವಳ ಕಣ್ಣು ಊದಿತ್ತು.

“ಎಂಥ ಕೆಲ್ಸ ಮಾಡ್ಬುಟ್ಟೆ ಅಕ್ಕ. ನೀವು ನೋಡ್ದೆ ಇದ್ದಿದ್ರೆ?”

“ಬುಡು, ಆಯ್ತಲ್ಲ” ಎಂದೆ.

ಕೆಲವು ತಿಂಗಳ ಮೇಲೆ ಹಂಗಳದವರು ಹೆಂಡತಿಯನ್ನು ಕರೆದುಕೊಂಡು ಬಂದರು. ಮದ್ರಾಸಿನಲ್ಲಿ ಆಪರೇಷನ್ ಆಗಿತ್ತು. ತಲೆಯ ತುಂಬ ಸೆರಗು ಹೊದ್ದಿದ್ದ ಆಕೆ ಎಡಗೈಯನ್ನು ನಿಧಾನವಾಗಿ ಎತ್ತಿ ಕೂದಲೆಳೆ ಸರಿಮಾಡಿಕೊಂಡರು. ಪಾಸ್‌ಪೋರ್ಟ್ ಸೈಜಿನ ಫೋಟೊ ಬೇಕಿತ್ತು. “ಫೋನ್ ಮಾಡಿದ್ದು ಈ ಹುಡ್ಗೀನೇ ಕಣಮ್ಮಿ” ಎಂದು ಆತ ಹೆಂಡತಿಗೆ ತೋರಿಸಿದರು.

“ಊಂ, ಆದ್ರೆ ಕಂಡುಹಿಡ್ದೋರು ಅಕ್ಕ” ಎಂದಳು ಅವಳು.

ಆಕೆ ನನ್ನತ್ತ ತಿರುಗಿ ಎರಡೂ ಕೈ ಜೋಡಿಸಿದರು. ಎಡಗೈ ಬಲಗೈಗಿಂತ ಸ್ವಲ್ಪ ಕೆಳಗೆ ನಿಂತಿತ್ತು. ಆ ತಪ್ಪನ್ನು ಕವರಿಗೆ ಹಾಕುವ ಮೊದಲೇ ನೋಡಿದ್ದೆ ಎಂದು ಆಗಲೂ ಹೇಳಲಿಲ್ಲ. ಮುಂದೆ ಅವಳು ಮದುವೆಯಾಗಿ ಗುಂಡ್ಲುಪೇಟೆಗೇ ಮರಳಿ ಸ್ವಂತ ಸ್ಟುಡಿಯೊ ತೆರೆದಳು. ಪೂಜೆಯ ದಿನ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಎಲ್ಲರಿಗೂ ತನಗೆ ಕೆಲಸ ಕಲಿಸಿದವರು ಎಂದಳು. ಅಂದೂ ಗೋಡೆಯ ಮೇಲಿದ್ದ ಅವಳ ಫೋಟೊಗಳನ್ನು ಒಂದೊಂದಾಗಿ ನೋಡಿದೆ, ತಪ್ಪೇನಾದರೂ ಇದೆಯೇ ಎಂದು.