ಬೂದುಗುಂಬಳ ಒಡೆಯುವ ಭಾಗ್ಯ

ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ನಾನು ಲೇತ್ ಯಂತ್ರದ ಮುಂದೆ ನಿಲ್ಲುತ್ತಿದ್ದ ಕಾಲ. ನಮ್ಮ ಮಾಲೀಕ ಸಂಬಳ ಏರಿಸುವ ಜಾತಿಯವನಲ್ಲ. "ಯಾರು ಜಾಸ್ತಿ ಕೆಲಸ ತೆಗೀತಾರೋ, ಆಯುಧಪೂಜೆ ದಿನ ಯಂತ್ರಗಳಿಗೆ ನಿವಾಳಿಸಿ ಬೂದುಗುಂಬಳ ಒಡೆಯೋದು ಅವರೇ ಕಣ್ರಪ್ಪಾ" ಎಂದ. ಆ ಗೌರವಕ್ಕೆ ಬಾಯಿಬಿಟ್ಟು ವರ್ಷವಿಡೀ ಕತ್ತೆಗಳ ಹಾಗೆ ದುಡಿದೆವು.

ಗೆದ್ದವನು ನನ್ನ ಪಕ್ಕದ ಯಂತ್ರದವನು. ಹಬ್ಬದ ದಿನ ಹೊಸ ಪಂಚೆಯುಟ್ಟು, ಹೆಂಡತಿಯನ್ನೂ ಕರೆತಂದು ನಿಂತಿದ್ದ. ಅಷ್ಟರಲ್ಲಿ ಮಾಲೀಕನ ಅಳಿಯ ಕಾರಿನಿಂದಿಳಿದ. ಕುಂಬಳಕಾಯಿ ಅಳಿಯನ ಕೈಗೆ ಹೋಯಿತು. ಒಡೆದಾದ ಮೇಲೆ ಮಾಲೀಕ ಇವನ ಕೈಗೆ ಪೊರಕೆ ಕೊಟ್ಟು, "ಹೋಳೆಲ್ಲ ಗುಡಿಸ್ಬಿಡಪ್ಪ, ಕಾರಿನ ಚಕ್ರ ಜಾರುತ್ತೆ" ಎಂದ. ಹೆಂಡತಿಯ ಎದುರಿಗೇ ಗುಡಿಸಿದ.

ರಜೆ ಮುಗಿದ ದಿನ ಆ ನಾಚಿಕೆಗೆಟ್ಟ ಮಾಲೀಕ, "ಮುಂದಿನ ವರ್ಷ ಗ್ಯಾರಂಟಿ" ಎಂದ. ಎಲ್ಲರಿಗಿಂತ ಮೊದಲು ಓಡಿಹೋಗಿ ಯಂತ್ರ ಶುರುಮಾಡಿದವನು, ಪೊರಕೆ ಹಿಡಿದಿದ್ದ ಅದೇ ಮಹಾಶಯ.